ಮ್ಯೂಸಿಯಂಗೆ ಮಕ್ಕಳನ್ನು ಕರೆದೊಯ್ಯುವ ಮುನ್ನ: ಹಳೇ ಸಾಮಾನಿನಿಂದ ಪಾಠ ಮಾಡುವ ಪೂರ್ತಿ ಕ್ರಮ

ಡಿಸೆಂಬರ್ ಬಂತೆಂದರೆ ನಮ್ಮ ಕಡೆ ಶಾಲಾ ಪ್ರವಾಸದ ಬಸ್ಸುಗಳು ಹೊರಡುತ್ತವೆ. ವಾಪಸ್ ಬಂದ ಶಿಕ್ಷಕರ ದೂರು ಮಾತ್ರ ಬದಲಾಗುವುದಿಲ್ಲ: ‘ಮ್ಯೂಸಿಯಂ ತೋರಿಸಿದ್ವಿ, ಮಕ್ಕಳಿಗೆ ಏನೂ ಹತ್ತಲಿಲ್ಲ. ಇಪ್ಪತ್ತು ನಿಮಿಷಕ್ಕೆ ಹೊರಗೆ ಬಂದು ಐಸ್‌ಕ್ರೀಂ ಕೇಳಿದ್ರು.’ ಬರೆದು ತಂದ ವರದಿ ನೋಡಿದರೆ ನಲವತ್ತು ಮಕ್ಕಳದ್ದೂ ಒಂದೇ. ಫಲಕದ ಮೇಲಿದ್ದ ಸಾಲು, ಫಲಕದಲ್ಲಿದ್ದ ಕಾಗುಣಿತದ ತಪ್ಪಿನ ಸಮೇತ.

ನಾನೂ ಎಷ್ಟೋ ವರ್ಷ ಹೀಗೇ ಮಾಡಿದೆ. ಕೊನೆಗೆ ಗೊತ್ತಾಗಿದ್ದು, ನಾವು ತೋರಿಸುವ ವಸ್ತುವಿನಲ್ಲಿ ತಪ್ಪಿಲ್ಲ, ತೋರಿಸುವ ಸರದಿಯಲ್ಲಿ ತಪ್ಪಿದೆ. ಮೊದಲು ಕಣ್ಣು, ಆಮೇಲೆ ಪ್ರಶ್ನೆ, ಆಮೇಲೆ ಮೈ, ಆಮೇಲೆ ಹೆಸರು ಮತ್ತು ಫಲಕ, ಕೊನೆಗೆ ಮನೆಯ ಹಿರಿಯರು. ನಾವು ಮಾಡುವುದು ಉಲ್ಟಾ. ಕೆಳಗಿನ ಕ್ರಮ 6ರಿಂದ 10ನೇ ತರಗತಿಯವರಿಗೆ ಹೊಂದುತ್ತದೆ.

ಬೇಕಾಗುವ ಸಾಮಾನು

ಮಗುವಿಗೊಂದು ಪೆನ್ಸಿಲ್, ಗೆರೆಯಿಲ್ಲದ ಎರಡು ಹಾಳೆ, ಹಾಳೆ ಇಟ್ಟುಕೊಳ್ಳಲು ಗಟ್ಟಿ ರಟ್ಟು. ಪೆನ್ನು ಬೇಡ. ಹಳೇ ವಸ್ತುವಿನ ಮೇಲೆ ಶಾಯಿ ಬಿದ್ದರೆ ಹೋಗುವುದಿಲ್ಲ. ಅಳತೆಗೆ ಟೇಪಿನ ಬದಲು ಒಂದು ಮಾರು ನೂಲು ಒಯ್ಯಿರಿ. ಗಾಜಿಗೆ ತಾಗಿದರೂ ಗೀರು ಬೀಳುವುದಿಲ್ಲ.

ಫೋನು ಇಡೀ ತಂಡಕ್ಕೆ ಒಂದೇ, ಅದೂ ನಿಮ್ಮ ಕೈಯಲ್ಲಿ, ಫ್ಲ್ಯಾಷ್ ಆರಿಸಿ. ಮಕ್ಕಳ ಕೈಗೆ ಫೋನು ಕೊಟ್ಟಿರೋ, ಫೋಟೋ ಹೊಡೆದ ಕ್ಷಣಕ್ಕೇ ‘ನೋಡಿ ಆಯ್ತು’ ಅಂದುಕೊಳ್ಳುತ್ತಾರೆ.

ಹಂತ 1: ಮೊದಲು ನೀವೊಬ್ಬರೇ ಹೋಗಿ ಬನ್ನಿ

ಇದನ್ನು ಬಿಟ್ಟವರೇ ಜಾಸ್ತಿ. ಕನಿಷ್ಠ ಹದಿನೈದು ದಿನ ಮೊದಲು ಹೋಗಿ. ವಾರದ ರಜೆ ಯಾವತ್ತು ಎಂದು ಬಾಯಿಬಿಟ್ಟು ಕೇಳಿ. ಕೇಂದ್ರ ಪುರಾತತ್ವ ಇಲಾಖೆಯ ಸ್ಥಳ ಮ್ಯೂಸಿಯಂಗಳಿಗೆ (ಸ್ಮಾರಕದ ಜಾಗದಲ್ಲೇ ಇರುವಂಥವು) ಸಾಮಾನ್ಯವಾಗಿ ಶುಕ್ರವಾರ ರಜೆ. ಭಾನುವಾರ ತೆರೆದಿರುತ್ತದೆ, ಆದರೆ ಆವತ್ತು ಜಾತ್ರೆಯಂಥ ಜನ. ಶೌಚಾಲಯ, ನೀರು, ಬಸ್ಸು ನಿಲ್ಲಿಸುವ ಜಾಗ, ಮಕ್ಕಳು ಕುಳಿತು ಬುತ್ತಿ ತಿನ್ನುವ ನೆರಳು, ಇಷ್ಟು ನೋಡಿಕೊಳ್ಳಿ.

ಆಮೇಲೆ ವಸ್ತುಗಳ ಆಯ್ಕೆ. ಮೂರು ಸಾಕು. ಒಂದೊಂದಕ್ಕೆ ಇಪ್ಪತ್ತೈದು ನಿಮಿಷ ಹಿಡಿಯುತ್ತದೆ. ‘ಇಷ್ಟು ದೂರ ಬಂದು ಮೂರೇನಾ’ ಎಂದು ಜೊತೆಗಿರುವ ಶಿಕ್ಷಕರೇ ಗೊಣಗುತ್ತಾರೆ. ಗೊಣಗಲಿ ಬಿಡಿ. ಉಳಿದದ್ದನ್ನು ಕೊನೆಯ ಅರ್ಧ ಗಂಟೆಯಲ್ಲಿ ಮಕ್ಕಳು ಸುಮ್ನೆ ಓಡಾಡಿ ನೋಡಿಕೊಳ್ಳುತ್ತಾರೆ.

ಎಂಥ ವಸ್ತು? ಕೈಯ ಗುರುತು ಇರುವಂಥದ್ದು: ಸವೆದ ಹಿಡಿ, ತೇಪೆ, ಗೀರು. ಎಂಟು ಮಕ್ಕಳು ಸುತ್ತ ನಿಂತರೂ ಎಲ್ಲರಿಗೂ ಕಾಣುವಂಥದ್ದು. ಮತ್ತು ಅದನ್ನು ಬಳಸಿದವರು, ಬಳಸುವುದನ್ನು ಕಂಡವರು ಊರಲ್ಲಿ ಇನ್ನೂ ಇರುವಂಥದ್ದು. ಈ ಕೊನೆಯದು ಇಲ್ಲದಿದ್ದರೆ ಹಂತ 7 ನಡೆಯುವುದೇ ಇಲ್ಲ. ರಾಜರ ಖಡ್ಗ ಎಷ್ಟೇ ಚಂದ ಇರಲಿ, ನಾನು ಆರಿಸುವುದಿಲ್ಲ. ಬೀಸುಕಲ್ಲು, ತುರಿಮಣೆ, ಅಡಕತ್ತರಿ, ಕೊಳಗ, ಬಲೆ, ಚೆನ್ನೆಮಣೆ ನಮ್ಮ ಕಡೆಗೆ ಒಳ್ಳೇ ಆಯ್ಕೆ.

ಕಾರವಾರದ ಕಡಲತೀರದಲ್ಲಿರುವ ಐಎನ್‌ಎಸ್ ಚಾಪಲ್ ಯುದ್ಧನೌಕೆ ನೋಡಲು ಹೋಗುವವರು ಬಹಳ. ಅಲ್ಲಿ ಇಡೀ ಹಡಗನ್ನು ‘ವಸ್ತು’ ಮಾಡಿಕೊಳ್ಳಬೇಡಿ. ಸುಮಾರು 38 ಮೀಟರ್ ಉದ್ದದ ಕಬ್ಬಿಣದ ಮುಂದೆ ಮಗುವಿಗೆ ಎಲ್ಲಿಂದ ನೋಡಬೇಕು ಎಂದೇ ತಿಳಿಯುವುದಿಲ್ಲ. ಒಂದು ಬಾಗಿಲು ಅಥವಾ ಒಂದು ಏಣಿ ಆರಿಸಿ. ಅಷ್ಟು ಕಿರಿದಾದ ಜಾಗದಲ್ಲಿ ದಿನಗಟ್ಟಲೆ ಬೇರೆಬೇರೆ ಊರಿನ, ಬೇರೆಬೇರೆ ಭಾಷೆಯ ಜನ ಹೇಗೆ ಹೊಂದಿಕೊಂಡು ಇದ್ದಿರಬಹುದು? ಇಲ್ಲಿಂದ ಮಾತು ಶುರುವಾಗುತ್ತದೆ.

ಹಂತ 2: ಶಾಲೆಯಲ್ಲಿ ಒಂದು ತಾಲೀಮು

ಹೊರಡುವುದಕ್ಕೆ ಎರಡು ದಿನ ಮೊದಲು ಒಂದು ಪಿರಿಯಡ್ ತೆಗೆದಿಡಿ. ನಿಮ್ಮ ಮನೆಯದ್ದೇ ಒಂದು ಹಳೇ ಸಾಮಾನು ತಂದು ಮೇಜಿನ ಮೇಲಿಡಿ. ಹೆಸರು ಹೇಳಬೇಡಿ. ಗೊತ್ತಿರುವ ಮಗು ಬಾಯಿ ತೆರೆಯುವ ಮೊದಲೇ ‘ಹೆಸರು ಗೊತ್ತಿದ್ದವರು ಹೊಟ್ಟೆಯಲ್ಲೇ ಇಟ್ಟುಕೊಳ್ಳಿ’ ಎಂದು ಹೇಳಿಬಿಡಿ. ಹೆಸರು ಕಿವಿಗೆ ಬಿದ್ದ ಕೂಡಲೇ ಮಕ್ಕಳ ಕಣ್ಣು ಕೆಲಸ ನಿಲ್ಲಿಸುತ್ತದೆ.

ಹಾಳೆಯಲ್ಲಿ ಮೂರು ಪಟ್ಟಿ ಎಳೆಸಿ: ಕಂಡದ್ದು, ಊಹಿಸಿದ್ದು, ಕೇಳಬೇಕಾದ್ದು. ಉದಾಹರಣೆಗೆ ನಾನು ಕೊಳಗ ತರುತ್ತೇನೆ. ‘ಮರದ ಪಾತ್ರೆ, ಸುತ್ತ ಹಿತ್ತಾಳೆ ಪಟ್ಟಿ, ಬಾಯಿಯ ಅಂಚು ಸವೆದಿದೆ’ ಇದು ಕಂಡದ್ದು. ‘ಅಕ್ಕಿ ಅಳೆಯಲು’ ಎಂದರೆ ಊಹೆ. ‘ಹಳೇ ಕಾಲದ್ದು’ ಎಂಬುದನ್ನು ಮಕ್ಕಳು ಮೊದಲ ಪಟ್ಟಿಗೇ ಬರೆಯುತ್ತಾರೆ. ಅದು ಕಂಡದ್ದೇನಲ್ಲ, ಹಾಗಾಗಿ ‘ಎಲ್ಲಿ ಕಂಡಿತು ತೋರಿಸು’ ಅನ್ನಿ. ಈ ವ್ಯತ್ಯಾಸ ಒಮ್ಮೆ ಹತ್ತಿದರೆ ಅರ್ಧ ಕೆಲಸ ಮುಗಿಯಿತು.

ಅಂಚು ಯಾಕೆ ಸವೆಯಿತು? ತುಂಬಿದ ಮೇಲೆ ಕೋಲಿನಿಂದಲೋ ಕೈಯಿಂದಲೋ ಸಮ ಮಾಡಿ ಮಾಡಿ. ತಲೆ ತುಂಬಿ ಅಳೆದರೋ, ಬೋಳಿಸಿ ಅಳೆದರೋ? ಗೇಣಿ ಕೊಡುವವರಿಗೆ ಈ ಪ್ರಶ್ನೆ ಸಣ್ಣದಾಗಿರಲಿಲ್ಲ. ಊರಿಂದೂರಿಗೆ ಕೊಳಗದ ಗಾತ್ರವೂ ಬೇರೆ ಇತ್ತು. ದೇಶಕ್ಕೆಲ್ಲ ಒಂದೇ ಅಳತೆ ತರುವ ಕಾಯ್ದೆ ಬಂದದ್ದು 1956ರಲ್ಲಿ. ಒಂದು ಮರದ ಪಾತ್ರೆಯಿಂದ ಹೊಲದ ಒಡೆಯ, ಗೇಣಿದಾರ, ನಂಬಿಕೆ, ಜಗಳ ಎಲ್ಲ ಹೊರಗೆ ಬರುತ್ತದೆ. ನೀವು ಅಷ್ಟನ್ನೂ ಹೇಳಬೇಡಿ. ಅಂಚು ತೋರಿಸಿ ಸುಮ್ಮನಿರಿ, ರೈತರ ಮನೆಯ ಮಗು ಯಾವುದಾದರೂ ಒಂದು ಹೇಳಿಯೇ ಹೇಳುತ್ತದೆ.

ಹಂತ 3: ಮ್ಯೂಸಿಯಂ ಒಳಗೆ ಮೊದಲ ಐದು ನಿಮಿಷ

ಎಂಟೆಂಟು ಮಕ್ಕಳ ಗುಂಪು. ನಲವತ್ತು ಮಕ್ಕಳಿದ್ದರೆ ಮೂರು ಗುಂಪು ಒಳಗೆ, ಒಂದೊಂದು ವಸ್ತುವಿನ ಮುಂದೆ. ಉಳಿದ ಎರಡು ಗುಂಪು ಹೊರಗೆ ಬೇರೆ ಶಿಕ್ಷಕರ ಜೊತೆ. ಎಲ್ಲರೂ ಒಟ್ಟಿಗೆ ನುಗ್ಗಿದರೆ ಹಿಂದಿನವರಿಗೆ ಮುಂದಿನವರ ತಲೆ ಮಾತ್ರ ಕಾಣುತ್ತದೆ, ಅಲ್ವಾ?

ಕೈ ಹಿಂದೆ ಕಟ್ಟಿಸಿ. ಎರಡು ನಿಮಿಷ ಮಾತಿಲ್ಲ, ಬರಹವಿಲ್ಲ, ನೋಟ ಮಾತ್ರ. ಮೊದಲ ಅರ್ಧ ನಿಮಿಷ ಕಿಸಿಕಿಸಿ ನಗುತ್ತಾರೆ. ತಡೆದುಕೊಳ್ಳಿ. ಆಮೇಲೆ ಮೂರು ನಿಮಿಷ ಚಿತ್ರ. ಚಂದ ಬರಬೇಕಾಗಿಲ್ಲ. ಗೆರೆ ಎಳೆಯಲು ಹೋದಾಗಲೇ ‘ಇಲ್ಲೊಂದು ತೂತಿದೆಯಲ್ಲ’ ಎಂಬುದು ಕಣ್ಣಿಗೆ ಬೀಳುವುದು. ಚಿತ್ರ ಬಿಡಿಸುವಾಗ ನೀವು ಫಲಕಕ್ಕೆ ಅಡ್ಡ ನಿಂತುಕೊಳ್ಳಿ. ಹುಡುಗಾಟದಂತೆ ಕಂಡರೂ ಇದಕ್ಕಿಂತ ಸುಲಭ ಉಪಾಯ ನನಗೆ ಸಿಕ್ಕಿಲ್ಲ.

ಬನವಾಸಿ ಕಡೆ ಹೋಗಿ ವೀರಗಲ್ಲು ತೋರಿಸುವುದಾದರೆ ಒಂದು ಎಚ್ಚರ. ಮಕ್ಕಳು ಪುಸ್ತಕ ಓದುವ ಹಾಗೆ ಮೇಲಿನಿಂದ ನೋಡಲು ಶುರು ಮಾಡುತ್ತಾರೆ. ವೀರಗಲ್ಲನ್ನು ಸಾಮಾನ್ಯವಾಗಿ ಕೆಳಗಿನಿಂದ ಮೇಲೆ ಓದಬೇಕು. ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ದೇವರ ಸನ್ನಿಧಿ, ತುದಿಯಲ್ಲಿ ಸೂರ್ಯ ಚಂದ್ರ. ‘ಇದರಲ್ಲಿ ಒಂದೇ ಮನುಷ್ಯ ಎಷ್ಟು ಸಲ ಬಂದಿದ್ದಾನೆ ಎಣಿಸಿ’ ಎಂದು ಕೇಳಿ, ದಿಕ್ಕನ್ನು ಅವರೇ ಕಂಡುಕೊಳ್ಳುತ್ತಾರೆ. ಕೆಳಗಿನ ಕಾಳಗದ ಹತ್ತಿರ ದನಗಳಿದ್ದರೆ ಇನ್ನೂ ಒಳ್ಳೇದು. ಊರಿನ ದನ ಹೊಡೆದುಕೊಂಡು ಹೋದವರ ಜೊತೆ ಕಾದಿ ಸತ್ತವನು ಅವನು. ಆ ಊರಿಗೆ ಆಸ್ತಿ ಎಂದರೆ ಏನಾಗಿತ್ತು ಎಂದು ಆಮೇಲೆ ಬಿಡಿಸಿ ಹೇಳುವ ಅಗತ್ಯ ಇರುವುದಿಲ್ಲ.

ಪಕ್ಕದಲ್ಲೇ ಬಳೆ ತೊಟ್ಟ ಕೈ ಎತ್ತಿರುವ ಮಾಸ್ತಿಕಲ್ಲು ಸಿಗಬಹುದು. ಮಕ್ಕಳು ಕೇಳಿದರೆ ತೇಲಿಸಬೇಡಿ, ಹೊಗಳಲೂ ಬೇಡಿ. ಗಂಡ ಸತ್ತಾಗ ಹೆಂಡತಿಯೂ ಪ್ರಾಣ ಬಿಟ್ಟದ್ದಕ್ಕೆ ನಿಲ್ಲಿಸಿದ ಕಲ್ಲು ಎಂದು ನೇರವಾಗಿ ಹೇಳಿ. ‘ಅವಳನ್ನು ಯಾರಾದರೂ ಕೇಳಿದ್ದರಾ?’ ಎಂದು ಒಬ್ಬಳು ಹುಡುಗಿ ನನ್ನನ್ನು ಕೇಳಿದಳು. ಅದನ್ನು ಮೂರನೇ ಪಟ್ಟಿಯಲ್ಲಿ ಹಾಗೇ ಬರೆಸಿದೆ.

ಹಂತ 4: ಪ್ರಶ್ನೆಗಳ ಸರದಿ

ಮೂವತ್ತು ಪ್ರಶ್ನೆಯ ಹಾಳೆ ಹಂಚಬೇಡಿ. ಉತ್ತರ ಹುಡುಕಲು ಓಡುತ್ತಾರೆ, ಒಬ್ಬನದ್ದನ್ನು ಹತ್ತು ಜನ ನಕಲು ಹೊಡೆಯುತ್ತಾರೆ. ಐದೇ ಪ್ರಶ್ನೆ, ಬಾಯಲ್ಲಿ, ಇದೇ ಕ್ರಮದಲ್ಲಿ:

1. ಇದು ಯಾವುದರಿಂದ ಆಗಿದೆ? ಅದು ನಮ್ಮಲ್ಲೇ ಸಿಗುತ್ತದಾ, ಹೊರಗಿಂದ ಬರಬೇಕಾ?
2. ಎಲ್ಲಿ ಸವೆದಿದೆ, ಎಲ್ಲಿ ತೇಪೆ ಇದೆ?
3. ಹಾಗಾದರೆ ಕೈ ಎಲ್ಲಿತ್ತು, ಕಾಲು ಎಲ್ಲಿತ್ತು, ಬೆನ್ನು ಹೇಗಿತ್ತು?
4. ಇದರ ಜೊತೆ ಇರಬೇಕಾದದ್ದು ಯಾವುದು ಇಲ್ಲಿಲ್ಲ?
5. ಇದನ್ನು ಮುಟ್ಟದೇ ಇದ್ದವರು ಯಾರು?

ನಾಲ್ಕನೆಯದನ್ನು ಬಿಡಬೇಡಿ. ಮ್ಯೂಸಿಯಂನಲ್ಲಿ ಒನಕೆ ಇರುತ್ತದೆ, ಒರಳು ಇರುವುದಿಲ್ಲ. ಬಲೆ ಇರುತ್ತದೆ, ಎಳೆಯುವವರು ಇರುವುದಿಲ್ಲ. ಬಲೆಯ ಮುಂದೆ ನಿಂತಾಗ ‘ಇದನ್ನು ಎಷ್ಟು ಜನ ಎಳೆಯಬೇಕು?’ ಎಂದು ಕೇಳಿ. ನಮ್ಮ ಕರಾವಳಿಯ ರಂಪಣಿ ಬಲೆಯನ್ನು ದಡದಿಂದ ಹತ್ತಾರು ಜನ ಎರಡೂ ಕಡೆಯ ಹಗ್ಗ ಹಿಡಿದು ಎಳೆಯುತ್ತಿದ್ದರು. ಸಿಕ್ಕ ಮೀನು ಪಾಲಾಗುತ್ತಿತ್ತು. 1970ರ ದಶಕದಲ್ಲಿ ಯಂತ್ರದ ದೋಣಿ, ಮೀನಿನ ಹಿಂಡನ್ನೇ ಸುತ್ತುವರಿಯುವ ಪರ್ಸೀನ್ ಬಲೆ ಬಂದ ಮೇಲೆ ರಂಪಣಿ ಹಿಂದೆ ಸರಿಯಿತು. ಬಲೆ ಬದಲಾದಾಗ ಪಾಲು ಹಾಕುವ ಕ್ರಮವೂ ಬದಲಾಯಿತು ಎಂಬುದು ಮಕ್ಕಳಿಗೆ ಹೊಳೆಯಬೇಕಾದದ್ದು ಇಲ್ಲೇ.

ಐದನೆಯದು ಸೂಕ್ಷ್ಮ. ಮುಟ್ಟದೇ ಇದ್ದವರು ಎಂದ ಕೂಡಲೇ ಗಂಡು ಹೆಣ್ಣು, ಜಾತಿ ಎರಡೂ ಬರುತ್ತವೆ. ತರಗತಿ ಇನ್ನೂ ನಿಮಗೆ ಹೊಸದಾಗಿದ್ದರೆ ಈ ವರ್ಷ ನಾಲ್ಕಕ್ಕೇ ನಿಲ್ಲಿಸಿ.

ಹಂತ 5: ಮೈಯಿಂದ ಮಾಡಿ ನೋಡುವುದು

ಇಡೀ ಕ್ರಮದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದು. ಸಮಯ ಕಮ್ಮಿ ಇದ್ದರೆ ಬೇರೆ ಯಾವುದನ್ನಾದರೂ ಬಿಡಿ.

ಒಂದು ಸಲ ಗೊರಬಿನ ಮುಂದೆ ನಿಂತಿದ್ದೆವು. ಬಿದಿರಿನ ಹಂದರಕ್ಕೆ ಎಲೆ ಹೊದಿಸಿ ಮಾಡಿದ್ದು, ತಲೆಯಿಂದ ಸೊಂಟದ ತನಕ ಬೆನ್ನು ಮುಚ್ಚುವಂಥದ್ದು. ಮಕ್ಕಳು ನಕ್ಕರು. ‘ಪಾಪ, ಆಗ ಬಡವರು ಸಾರ್, ಛತ್ರಿ ಇರಲಿಲ್ಲ.’ ನಾನು ಉತ್ತರ ಕೊಡಲಿಲ್ಲ. ಹೊರಗಿನ ಅಂಗಳಕ್ಕೆ ಕರೆದು ಒಬ್ಬನ ಕೈಗೆ ಛತ್ರಿ ಕೊಟ್ಟು, ಬಗ್ಗಿ ಸಸಿ ನೆಡುವ ಹಾಗೆ ಮಾಡು ಎಂದೆ. ಒಂದು ಕೈಯಲ್ಲಿ ಛತ್ರಿ, ಇನ್ನೊಂದು ಕೈಯಲ್ಲಿ ಸಸಿಯ ಕಟ್ಟು. ನೆಡಲು ಕೈ ಎಲ್ಲಿದೆ? ಛತ್ರಿಯನ್ನು ಹೆಗಲಿಗೆ ಆನಿಸಿಕೊಂಡ, ಜಾರಿತು. ಕುತ್ತಿಗೆಗೆ ಸಿಕ್ಕಿಸಿದ, ಸೊಂಟದ ಮೇಲೆ ಮಳೆ ಎಂದು ಉಳಿದವರು ಕೂಗಿದರು. ಆಮೇಲೆ ಒಂದು ದೊಡ್ಡ ರಟ್ಟನ್ನು ಬೆನ್ನ ಮೇಲಿಟ್ಟು ಬಗ್ಗಿಸಿದೆ. ಎರಡೂ ಕೈ ಖಾಲಿ.

ಬಡತನ ಇರಲಿಲ್ಲ ಅಂತಲ್ಲ. ಆದರೆ ಆ ವಸ್ತುವಿನ ಆಕಾರ ಬಂದದ್ದು ಬಗ್ಗಿದ ಬೆನ್ನಿನಿಂದ. ಬೇರೆಯವರ ಬದುಕಿನ ಕ್ರಮಕ್ಕೂ ಒಂದು ಲೆಕ್ಕ ಇರುತ್ತದೆ ಎಂದು ನಾನು ಹತ್ತು ಸಲ ಹೇಳಿದ್ದರೂ ಆ ಹುಡುಗನಿಗೆ ಅಷ್ಟು ನಾಟುತ್ತಿರಲಿಲ್ಲ.

ಎಚ್ಚರಿಕೆ: ಮ್ಯೂಸಿಯಂನ ವಸ್ತು ಮುಟ್ಟುವುದಲ್ಲ. ಅದೇ ಗಾತ್ರದ ರಟ್ಟು, ಕೋಲು, ಬಟ್ಟೆ ಸಾಕು. ಕತ್ತಿ, ಈಳಿಗೆಗಳಿಗಂತೂ ಅಭಿನಯ ಮಾತ್ರ. ಮತ್ತು ಕುಣಿತ, ಪೂಜೆ, ಸಾವಿಗೆ ಸೇರಿದ ವಸ್ತುಗಳ ಅಭಿನಯ ಮಾಡಿಸಲೇಬೇಡಿ. ಅದು ಅಣಕವಾಗಲು ಒಂದು ನಿಮಿಷ ಸಾಕು.

ಹಂತ 6: ಈಗ ಹೆಸರು, ಈಗ ಫಲಕ

ಹೆಸರನ್ನು ಈಗ ಹೇಳಿ. ತಡವಾಗಿ ಬಂದ ಹೆಸರು ತಾನೇ ಪಾಠ ಮಾಡುತ್ತದೆ. ಮೆಟ್ಟುಗತ್ತಿ ಎಂದರೆ ಕಾಲಲ್ಲಿ ಮೆಟ್ಟಿ ಹಿಡಿಯುವ ಕತ್ತಿ. ಕಾಲು ಎಲ್ಲಿತ್ತು ಎಂದು ಆಗಲೇ ಊಹಿಸಿದ್ದ ಮಗುವಿಗೆ ಆ ಹೆಸರು ಕೇಳಿ ಖುಷಿಯಾಗುತ್ತದೆ. ಮೊದಲೇ ಹೇಳಿದ್ದರೆ ಇನ್ನೊಂದು ಪದ ಅಷ್ಟೇ.

ಫಲಕವನ್ನು ಜೋರಾಗಿ ಓದಿಸಿ, ಆಮೇಲೆ ಎರಡು ಪ್ರಶ್ನೆ: ಇದು ಏನು ಹೇಳಲಿಲ್ಲ? ಇದು ಹೇಳಿದ್ದನ್ನು ಹೇಗೆ ಪರೀಕ್ಷಿಸಬಹುದು? ಚಾಪಲ್ ವಿಷಯದಲ್ಲೇ ನೋಡಿ. 1971ರ ಯುದ್ಧದಲ್ಲಿ ಕಾದಾಡಿದ ಹಡಗು ಎಂದು ಬಹಳ ಜನ ಹೇಳುತ್ತಾರೆ. ಆದರೆ ಅದು ನೌಕಾಪಡೆಗೆ ಸೇರಿದ್ದೇ 1976ರಲ್ಲಿ, ನಿವೃತ್ತಿ 2005ರಲ್ಲಿ. 1971ರಲ್ಲಿ ಕರಾಚಿಯ ಮೇಲೆ ದಾಳಿ ಮಾಡಿದ್ದು ಇದೇ ಬಗೆಯ, ಇದಕ್ಕಿಂತ ಮುಂಚೆ ಬಂದ ಕ್ಷಿಪಣಿ ದೋಣಿಗಳು. ಎರಡು ಇಸವಿ ಪಕ್ಕಪಕ್ಕ ಬರೆಸಿದರೆ ಏಳನೇ ತರಗತಿಯವರೂ ತಪ್ಪು ಹಿಡಿಯುತ್ತಾರೆ.

ಇನ್ನೊಂದು ಮಾತು. ಕಾರವಾರ, ಅಂಕೋಲಾ ಕಡೆಯ ತರಗತಿಗಳಲ್ಲಿ ನೌಕಾನೆಲೆಗಾಗಿ ಊರು ಬಿಟ್ಟು ಬಂದ ಮನೆಗಳ ಮಕ್ಕಳು ಇರುತ್ತಾರೆ. ಹಡಗಿನ ಮುಂದೆ ಹೆಮ್ಮೆಯ ಕಥೆ ಒಂದನ್ನೇ ಹೇಳಿ ಮುಗಿಸಿದರೆ ಆ ಮಗುವಿನ ಮನೆಯ ಕಥೆಗೆ ಜಾಗ ಇಲ್ಲದಂತಾಗುತ್ತದೆ. ಎರಡೂ ನಿಜ. ಎರಡೂ ಹಾಳೆಯ ಮೇಲೆ ಬರಲಿ. ಆದರೆ ‘ನಿಮ್ಮ ಮನೆ ಹೋಯ್ತಲ್ಲ, ಹೇಳು’ ಎಂದು ಯಾರನ್ನೂ ಎಬ್ಬಿಸಿ ನಿಲ್ಲಿಸಬೇಡಿ.

ಹಂತ 7: ಚಿತ್ರ ಮನೆಗೆ ಹೋಗಲಿ

ಮರುದಿನ ವರದಿ ಬರೆಸಬೇಡಿ. ಚಿತ್ರವನ್ನೂ ಮೂರನೇ ಪಟ್ಟಿಯ ಒಂದೇ ಒಂದು ಪ್ರಶ್ನೆಯನ್ನೂ ಮನೆಗೆ ಕಳಿಸಿ. ಅಜ್ಜಿಗೋ ಅಜ್ಜನಿಗೋ ಪಕ್ಕದ ಮನೆಯವರಿಗೋ ತೋರಿಸಿ, ಅವರು ಹೇಳಿದ್ದನ್ನು ಅವರ ಮಾತಲ್ಲೇ ಬರೆದು ತರಲಿ. ಹವ್ಯಕ ಕನ್ನಡ, ಹಾಲಕ್ಕಿ ಕನ್ನಡ, ಕೊಂಕಣಿ, ನವಾಯತಿ, ಯಾವುದಾದರೂ ಸರಿ. ‘ಶುದ್ಧ’ ಮಾಡಿಸಲು ಹೋಗಬೇಡಿ. ಒಂದೇ ವಸ್ತುವಿನ ಬೇರೆಬೇರೆ ಹೆಸರುಗಳನ್ನು ಬೋರ್ಡಿನ ಮೇಲೆ ಬರೆಯುತ್ತ ಹೋಗಿ. ನಮ್ಮ ತುರಿಮಣೆಗೆ ಪಕ್ಕದ ಬೆಂಚಿನವಳ ಮನೆಯಲ್ಲಿ ಆದೊಳಿ ಎನ್ನುತ್ತಾರೆ ಎಂದು ಗೊತ್ತಾಗುವುದು ಆಗಲೇ.

ಕಾಲ ನೋಡಿಕೊಂಡರೆ ಇನ್ನೂ ಅನುಕೂಲ. ಶಿರಸಿ, ಸಿದ್ದಾಪುರ ಕಡೆ ಅಡಿಕೆ ಕೊಯ್ಲಿನ ಹೊತ್ತಿಗೆ ಸುಲಿಯುವ ಜಗಲಿಯಲ್ಲೇ ಮಾತು ಸಿಗುತ್ತದೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ ಯಂತ್ರದ ದೋಣಿಗಳಿಗೆ ಮೀನುಗಾರಿಕೆ ಬಂದ್. ಬಲೆ ರಿಪೇರಿ ಮಾಡುತ್ತ ಕೂತಿರುವವರಿಗೆ ಮಕ್ಕಳ ಜೊತೆ ಮಾತಾಡಲು ಪುರುಸೊತ್ತು ಇರುವುದು ಆಗ.

ಈ ಹಂತದಲ್ಲಿ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ನಮ್ಮ ಕಡೆಯ ಹಾಲಕ್ಕಿ ಸಮುದಾಯದ ಹೆಂಗಸರ ಮಣಿಸರದ ಪಾಠದ ದಿನ ಹಾಲಕ್ಕಿ ಮನೆಯ ಹುಡುಗಿಯನ್ನು ಎಬ್ಬಿಸಿ ‘ನಿಮ್ಮಜ್ಜಿ ಹಾಕ್ತಾರಲ್ಲ, ಎಲ್ಲರಿಗೂ ಹೇಳು’ ಎಂದೆ. ಒಳ್ಳೇ ಮನಸ್ಸಿನಿಂದಲೇ ಕೇಳಿದ್ದೆ. ಅವಳು ತಲೆ ತಗ್ಗಿಸಿ ನಿಂತಳು. ಎರಡು ದಿನ ಶಾಲೆಗೆ ಬರಲಿಲ್ಲ. ಗಾಜಿನ ಪೆಟ್ಟಿಗೆಯೊಳಗೆ ಅವಳನ್ನೇ ಕೂರಿಸಿದ ಹಾಗಾಗಿತ್ತು. ಈಗ ಎಲ್ಲ ಮಕ್ಕಳಿಗೂ ಒಂದೇ ಪ್ರಶ್ನೆ ಕೊಡುತ್ತೇನೆ: ನಿಮ್ಮ ಮನೆಯಲ್ಲಿ ಕುತ್ತಿಗೆಗೆ ಏನು ಹಾಕುತ್ತಾರೆ, ಯಾವಾಗ ತೆಗೆಯುತ್ತಾರೆ? ಕರಿಮಣಿ, ಜನಿವಾರ, ಶಿಲುಬೆ, ತಾಯಿತ, ಮಣಿಸರ ಎಲ್ಲ ಒಂದೇ ಸಾಲಿನಲ್ಲಿ ಬರುತ್ತವೆ. ಹೇಳಲು ಇಷ್ಟವಿಲ್ಲದವರು ಖಾಲಿ ಬಿಡಬಹುದು. ಯಲ್ಲಾಪುರ, ಹಳಿಯಾಳ ಕಡೆ ಸಿದ್ದಿ ಸಮುದಾಯದ ಮಕ್ಕಳಿರುವ ತರಗತಿಗೂ ಇದೇ ಎಚ್ಚರ.

ಪಾಠ ದಾರಿ ತಪ್ಪುತ್ತಿದೆ ಎಂಬುದಕ್ಕೆ ಗುರುತುಗಳು

‘ಪಾಪ, ಆಗಿನವರು’ ಎಂಬ ಮಾತು ಪದೇಪದೇ ಬಂದರೆ ಹಂತ 5ಕ್ಕೆ ವಾಪಸ್ ಹೋಗಿ. ‘ನಮ್ಮ ಹಿರಿಯರು ಎಷ್ಟು ಬುದ್ಧಿವಂತರು’ ಎಂಬುದೂ ಅಷ್ಟೇ ಕೆಟ್ಟ ಗುರುತು. ಹೊಗಳಿದ ಮೇಲೆ ಮಕ್ಕಳು ನೋಡುವುದನ್ನು ನಿಲ್ಲಿಸುತ್ತಾರೆ. ‘ಯಾವುದರಲ್ಲಿ ಬುದ್ಧಿ ಕಂಡಿತು, ಬೆರಳಿಟ್ಟು ತೋರಿಸು’ ಎನ್ನಿ.

ಎಲ್ಲ ಚಿತ್ರಗಳೂ ಒಂದೇ ಕೋನದಿಂದ ಇದ್ದರೆ ಒಬ್ಬರದ್ದು ನೋಡಿ ಎಲ್ಲರೂ ಬಿಡಿಸಿದ್ದಾರೆ. ಮಕ್ಕಳ ಜಾಗ ಬದಲಿಸಿ. ಒಂದೇ ಮಗು ಉತ್ತರಿಸುತ್ತಿದ್ದರೆ ಅವನಿಗೆ ನೂಲು ಕೊಟ್ಟು ಅಳತೆಗೆ ಹಚ್ಚಿ. ನೀವೇ ಎರಡು ನಿಮಿಷದಿಂದ ಮಾತಾಡುತ್ತಿದ್ದರೆ, ಬಾಯಿ ಮುಚ್ಚಿ. ಈ ಕೊನೆಯದು ನನಗೆ ಈಗಲೂ ಕಷ್ಟ.

ಹಂತ 8: ಶಾಲೆಯಲ್ಲೊಂದು ಮೇಜು

ಎರಡು ವಾರ ಬಿಟ್ಟು ತರಗತಿಯಲ್ಲೇ ಸಣ್ಣ ಪ್ರದರ್ಶನ ಇಡಿ. ಒಂದು ಮೇಜು, ಹತ್ತು ವಸ್ತು. ಪ್ರತಿ ವಸ್ತುವಿಗೆ ಮಕ್ಕಳೇ ಬರೆದ ನಲವತ್ತು ಪದದ ಫಲಕ. ಅದರಲ್ಲಿ ಮೂರು ಇರಲೇಬೇಕು: ನಾವು ಕಂಡದ್ದು, ನಮಗೆ ಹೇಳಿದವರು, ನಮಗೆ ಇನ್ನೂ ಗೊತ್ತಾಗದೇ ಇರುವುದು. ಮೂರನೆಯದು ಇಲ್ಲದ ಫಲಕವನ್ನು ವಾಪಸ್ ಕೊಡಿ.

ತಂದ ಸಾಮಾನನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ಫಳಫಳ ಮಾಡಲು ಬಿಡಬೇಡಿ. ಅದರ ಮೇಲಿನ ಗುರುತೇ ನಮಗೆ ಬೇಕಾದದ್ದು. ತೋಟದಲ್ಲಿ ಅಗೆದಾಗ ಸಿಕ್ಕ ನಾಣ್ಯ, ತಾಮ್ರಪಟ, ಮೂರ್ತಿ, ಮನೆಯ ಓಲೆಗರಿ ಕಟ್ಟು ಶಾಲೆಗೆ ಬರಬಾರದು ಎಂದು ಮೊದಲೇ ಹೇಳಿ. ನೆಲದಲ್ಲಿ ಸಿಕ್ಕಿದ್ದರ ಬಗ್ಗೆ ಕರ್ನಾಟಕದ 1962ರ ನಿಧಿ ಕಾಯ್ದೆ ಇದೆ, ನೂರು ವರ್ಷ ದಾಟಿದ ಪುರಾತನ ವಸ್ತುಗಳ ಬಗ್ಗೆ 1972ರ ಕಾಯ್ದೆ ಇದೆ. ಹಾಗೇನಾದರೂ ತಂದರೆ ಪಾಲಕರನ್ನು ಕರೆಸಿ ಅವರ ಕೈಗೇ ಕೊಡಿ, ಇಲಾಖೆಗೆ ತಿಳಿಸಲು ಹೇಳಿ.

ಉಳಿದದ್ದಕ್ಕೆ ಒಂದು ರಿಜಿಸ್ಟರ್ ಇಡಿ: ವಸ್ತು, ತಂದವರು, ಬಂದ ದಿನ, ಮೊದಲೇ ಇದ್ದ ಬಿರುಕು, ವಾಪಸ್ ಕೊಟ್ಟ ದಿನ, ಮನೆಯವರ ಸಹಿ. ಮೂರು ದಿನಕ್ಕಿಂತ ಜಾಸ್ತಿ ಇಟ್ಟುಕೊಳ್ಳಬೇಡಿ. ‘ಇದು ನಮಗೇನು ಉಪಯೋಗ, ಶಾಲೆಯಲ್ಲೇ ಇರಲಿ ಸಾರ್’ ಎನ್ನುವ ಮನೆಯವರು ಸಿಗುತ್ತಾರೆ. ಅವರಿಗೂ ವಾಪಸ್ ಕೊಡಿ, ಜೊತೆಗೆ ಮಗು ಬರೆದ ಫಲಕವನ್ನೂ ಕೊಟ್ಟು ಕಳಿಸಿ.